ಒಂದು ನದಿ, ಮೂರು ದಾರಿ

ಕೋಲ್ಕತ್ತ ನೋಡಬೇಕೆಂದು ನಾವು ಊರಿನಿಂದ ಹೊರಟವರಲ್ಲ. ನನ್ನ ತಂಗಿಯ ಮಗ ಜಮ್‌ಶೆಡ್‌ಪುರದಲ್ಲಿ ಕೆಲಸದಲ್ಲಿದ್ದಾನೆ. "ಮಾವ, ಅತ್ತೆಯನ್ನು ಕರೆದುಕೊಂಡು ಒಂದು ಸಲ ಬನ್ನಿ" ಎಂದು ನಾಲ್ಕು ವರ್ಷದಿಂದ ಕರೆಯುತ್ತಲೇ ಇದ್ದ. ಕಳೆದ ಡಿಸೆಂಬರಿನಲ್ಲಿ ಬೆಂಗಳೂರಿನ ಮೊಮ್ಮಗನಿಗೆ ಕ್ರಿಸ್‌ಮಸ್ ರಜೆ ಬಂತು. ಅವನ ಅಪ್ಪ ಅಮ್ಮನಿಗೆ ರಜೆ ಇಲ್ಲ. ಅವನನ್ನೂ ಕಟ್ಟಿಕೊಂಡು ನಾವಿಬ್ಬರು ಹೊರಟೆವು. ವಾಪಸಾಗುವ ವಿಮಾನ ಕೋಲ್ಕತ್ತದಿಂದ. ಹಾಗಾಗಿ ಮಧ್ಯೆ ಎರಡು ದಿನ ಕೈಗೆ ಸಿಕ್ಕವು, ಸೋಮವಾರ ಮತ್ತು ಮಂಗಳವಾರ.

ಎರಡು ದಿನ ಎಂದ ಕೂಡಲೇ ನಾನು ಪಟ್ಟಿ ಮಾಡಲು ಕುಳಿತೆ. ಮೂವತ್ತೈದು ವರ್ಷ ಬ್ಯಾಂಕಿನ ಲೆಡ್ಜರ್ ಬರೆದ ಕೈ ಸುಮ್ಮನಿರುತ್ತದೆಯೇ? ರೂಲು ಕಡ್ಡಿಯಿಟ್ಟು ಗೆರೆ ಹಾಕಿ, ಸ್ಥಳ, ತಲುಪುವ ಸಮಯ, ಹೊರಡುವ ಸಮಯ, ಕೊನೆಗೆ ಟಿಕ್ ಹಾಕಲು ಒಂದು ಕಾಲಂ. ಒಟ್ಟು ಹನ್ನೆರಡು ಸ್ಥಳಗಳು. ಇವಳು ಕನ್ನಡಕ ಏರಿಸಿಕೊಂಡು ಅದನ್ನು ಓದಿದಳು.

"ಗಂಗೆ ಎಲ್ರೀ?"

"ಹೌರಾ ಸೇತುವೆ ಅಂತ ಬರೆದಿದ್ದೀನಲ್ಲ. ಅದರ ಕೆಳಗೆ ಇರೋದೇ ಗಂಗೆ."

ಅವಳು ಮತ್ತೆ ಮಾತಾಡಲಿಲ್ಲ. ಅಲ್ಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಇವಳ ತವರು ತೀರ್ಥಹಳ್ಳಿ. ಹುಟ್ಟಿದ್ದು, ಬೆಳೆದದ್ದು ತುಂಗೆಯ ದಂಡೆಯಲ್ಲಿ. 'ಗಂಗಾ ಸ್ನಾನ, ತುಂಗಾ ಪಾನ' ಎನ್ನುವ ಮಾತು ನಮ್ಮ ಕಡೆ ಎಲ್ಲರಿಗೂ ಗೊತ್ತು. "ಪಾನ ಹುಟ್ಟಿದಾಗಲೇ ಆಯ್ತು, ಸ್ನಾನ ಬಾಕಿ ಇದೆ" ಎಂದು ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳುತ್ತಿದ್ದಳು. ಕಾಶಿಗೆಂದು ಎರಡು ಸಲ ಟಿಕೆಟ್ ಮಾಡಿಸಿ ಎರಡು ಸಲವೂ ರದ್ದಾಯಿತು. ಒಮ್ಮೆ ನನ್ನ ತಾಯಿಯ ಕಾಯಿಲೆ, ಇನ್ನೊಮ್ಮೆ ಕೊರೊನಾ. ಆಮೇಲೆ ಅವಳ ಮಂಡಿ ನೋವು ಶುರುವಾಯಿತು. ಕೋಲ್ಕತ್ತದಲ್ಲಿ ಹರಿಯುವ ಹೂಗ್ಲಿ ಗಂಗೆಯದೇ ಒಂದು ಕವಲು. ಅಲ್ಲಿಯವರು ಅದನ್ನು ಗಂಗೆ ಎಂದೇ ಕರೆಯುತ್ತಾರೆ. ಇದು ನನಗೂ ಗೊತ್ತಿತ್ತು. ಗೊತ್ತಿದ್ದೂ ಪಟ್ಟಿಯಲ್ಲಿ ಬರೆಯಲಿಲ್ಲ.

ಸೋಮವಾರ ಬೆಳಿಗ್ಗೆ ದಿನದ ಬಾಡಿಗೆಗೆ ಕಾರು ಗೊತ್ತು ಮಾಡಿಕೊಂಡು ಮೊದಲು ದಕ್ಷಿಣೇಶ್ವರಕ್ಕೆ ಹೋದೆವು. ರಾಣಿ ರಾಸಮಣಿ ಕಟ್ಟಿಸಿದ ಕಾಳಿ ದೇವಾಲಯ, 1855ರದು. ರಾಮಕೃಷ್ಣ ಪರಮಹಂಸರು ಪೂಜೆ ಮಾಡುತ್ತಿದ್ದ ಜಾಗ. ನದಿಯ ಕಡೆಗೆ ಸಾಲಾಗಿ ಹನ್ನೆರಡು ಶಿವನ ಗುಡಿಗಳು, ಅವುಗಳ ಆಚೆ ಸ್ನಾನಘಟ್ಟ. ರಜೆಯ ದಿನಗಳಾದ್ದರಿಂದ ದರ್ಶನದ ಸಾಲು ಹನುಮಂತನ ಬಾಲದಂತಿತ್ತು. ಹೊರಗೆ ಬರುವಷ್ಟರಲ್ಲಿ ಹನ್ನೊಂದೂವರೆ.

"ಹತ್ತು ನಿಮಿಷ ನದಿಗೆ ಇಳಿದು ಬರ್ತೀನ್ರೀ" ಎಂದಳು.

"ಈಗ ಬೇಡ. ಬೇಲೂರು ಮಠ ಮಧ್ಯಾಹ್ನ ಮುಚ್ಚಿಬಿಡ್ತಾರೆ."

ಮೊಮ್ಮಗನಿಗೆ ಬೇಲೂರು ಎಂದರೆ ನಮ್ಮ ಹೊಯ್ಸಳರ ಬೇಲೂರು. "ಅದು ಹಾಸನದ ಹತ್ತಿರ ಅಲ್ವಾ ಅಜ್ಜ?" ಎಂದು ಕೇಳಿದ. ಇದು ವಿವೇಕಾನಂದರು ಕಟ್ಟಿದ ಬೇಲೂರು ಎಂದು ವಿವರಿಸುತ್ತಾ ಕಾರಿನಲ್ಲಿ ನದಿ ದಾಟಿ ಹೋದೆವು. ಮಠದ ಬಾಗಿಲು ಮುಚ್ಚಿತ್ತು. ಮತ್ತೆ ತೆರೆಯುವುದು ಮಧ್ಯಾಹ್ನದ ಮೇಲೆ.

ಅಲ್ಲಿಂದ ಹೌರಾ ಸೇತುವೆಯ ಮೇಲೆ ವಾಪಸು. ವಾಹನಗಳ ಸಂದಣಿ. "ಇಲ್ಲಿ ನಿಲ್ಲಿಸುವ ಹಾಗಿಲ್ಲ ಸಾಬ್" ಎಂದ ಡ್ರೈವರ್. ಮೊಮ್ಮಗ ಕಿಟಕಿಯಿಂದ ಒಂದು ಫೋಟೊ ತೆಗೆದ, ಅದರಲ್ಲಿ ಪಕ್ಕದ ಬಸ್ಸು ಮಾತ್ರ ಬಂತು. ನಾನು ಟಿಕ್ ಹಾಕಿದೆ. ರವೀಂದ್ರನಾಥ ಟ್ಯಾಗೋರರ ಮನೆಗೆ ಹೋದೆವು, ಸೋಮವಾರ ರಜೆ. ಇಂಡಿಯನ್ ಮ್ಯೂಸಿಯಂಗೆ ಹೋದೆವು, ಸೋಮವಾರ ರಜೆ. ವಿಕ್ಟೋರಿಯಾ ಮೆಮೋರಿಯಲ್‌ನ ತೋಟ ತೆರೆದಿತ್ತು, ಒಳಗಿನ ಗ್ಯಾಲರಿಗೆ ಸೋಮವಾರ ರಜೆ. ದೊಡ್ಡ ಊರಿಗೆ ಎರಡೇ ದಿನಕ್ಕೆ ಹೋಗುವವರು ವಾರದ ರಜೆ ಯಾವತ್ತು, ದೇವಸ್ಥಾನ ಎಷ್ಟು ಗಂಟೆಗೆ ಮುಚ್ಚುತ್ತದೆ ಎಂದು ಮೊದಲೇ ನೋಡಿಕೊಳ್ಳಬೇಕು. ಬ್ಯಾಂಕಿಗೆ ಭಾನುವಾರ ಬಂದು ಬಾಗಿಲು ಬಡಿಯುವ ಗಿರಾಕಿಗಳನ್ನು ಕಂಡು ನಗುತ್ತಿದ್ದವನು ನಾನು. ಈಗ ನಾನೇ ಅಂಥ ಗಿರಾಕಿಯಾಗಿದ್ದೆ.

ಸಂಜೆ ಕಾಳೀಘಾಟಿನ ದಾರಿಯಲ್ಲಿ ಹುಡುಗ ಕಾರಿನಲ್ಲೇ ವಾಂತಿ ಮಾಡಿಕೊಂಡ. ಲಾಡ್ಜಿಗೆ ಹಿಂದಿರುಗಿದಾಗ ರಾತ್ರಿ ಎಂಟು. ಅವನು ಊಟ ಬೇಡವೆಂದು ಮಲಗಿದ. ಇವಳು ಮಂಡಿಗೆ ಎಣ್ಣೆ ನೀವುತ್ತಾ ಕುಳಿತಳು. ನಾನು ಪಟ್ಟಿ ಬಿಚ್ಚಿ, ಉಳಿದ ಸ್ಥಳಗಳನ್ನು ನಾಳೆಗೆ ಹೇಗೆ ಹೊಂದಿಸುವುದೆಂದು ನೋಡುತ್ತಿದ್ದೆ.

"ನೀವು ಊರು ನೋಡೋಕೆ ಬಂದಿದ್ದೀರೋ, ಲೆಡ್ಜರ್ ಟ್ಯಾಲಿ ಮಾಡೋಕೆ ಬಂದಿದ್ದೀರೋ?"

ಸಿಟ್ಟಿನಲ್ಲಿ ಹೇಳಿದ್ದರೆ ನಾನೂ ಒಂದು ಮಾತು ಆಡುತ್ತಿದ್ದೆನೇನೋ. ಮೆತ್ತಗೆ ಹೇಳಿದಳು. ಆಮೇಲೆ, "ಇಷ್ಟು ದೂರ ಇನ್ನೊಂದು ಸಲ ನನ್ನಿಂದ ಆಗಲ್ಲ. ಗಂಗೆಯನ್ನ ಎರಡು ಸಲ ದಾಟಿದೆ, ಒಂದು ಸಲಾನೂ ಕಾಲು ಇಡಲಿಲ್ಲ" ಎಂದು ದೀಪ ಆರಿಸಿದಳು.

ನನಗೆ ಬಹಳ ಹೊತ್ತು ನಿದ್ದೆ ಬರಲಿಲ್ಲ. ಕತ್ತಲಲ್ಲಿ ಮೊಮ್ಮಗನೂ ಎಚ್ಚರವಾಗಿದ್ದ. "ಅಜ್ಜ, ಇಲ್ಲಿ ಮೆಟ್ರೊ ನದಿಯ ಕೆಳಗೆ ಹೋಗತ್ತಂತೆ. ನಾಳೆ ಅದರಲ್ಲಿ ಹೋಗೋಣ್ವಾ?" ಎಂದ. ಅದು ನನ್ನ ಹನ್ನೆರಡರಲ್ಲಿ ಇರಲಿಲ್ಲ. ಆ ಪಟ್ಟಿಯನ್ನು ಮಡಚಿ ಸೂಟ್‌ಕೇಸಿನ ತಳಕ್ಕೆ ಹಾಕಿದೆ. ನಾಳೆ ನದಿಯೊಂದೇ. ವಿಮಾನ ಹೊರಡುವುದು ರಾತ್ರಿ.

ಮಂಗಳವಾರ ಬೆಳಿಗ್ಗೆ ಏಳರ ಸುಮಾರಿಗೆ ಎಸ್‌ಪ್ಲನೇಡ್ ನಿಲ್ದಾಣದಲ್ಲಿದ್ದೆವು. ಭಾರತದ ಮೊದಲ ಮೆಟ್ರೊ ಓಡಿದ್ದು ಇದೇ ಊರಿನಲ್ಲಿ, 1984ರ ಅಕ್ಟೋಬರ್ 24ರಂದು. ನದಿಯಡಿಯ ಹೊಸ ಮಾರ್ಗದಲ್ಲಿ ಜನ ಓಡಾಡತೊಡಗಿದ್ದು 2024ರ ಮಾರ್ಚಿನಲ್ಲಿ. ಎಸ್‌ಪ್ಲನೇಡ್ ಆದ ಮೇಲೆ ಮಹಾಕರಣ್, ಅದರ ನಂತರ ಹೌರಾ. ನದಿ ಇರುವುದು ಈ ಕೊನೆಯ ಎರಡರ ನಡುವೆ. ಸುರಂಗ ನೀರಿನಲ್ಲಿ ಮುಳುಗಿಲ್ಲ, ನದಿಯ ತಳದ ಮಣ್ಣಿಗಿಂತಲೂ ಕೆಳಗಿದೆ. ಆದ್ದರಿಂದ ಮಕ್ಕಳು ಮೀನು ಕಾಣುತ್ತದೆಂದು ಕಾಯಬಾರದು. ನಮ್ಮವನು ಕಾದಿದ್ದ! ಆದರೆ ನದಿಯ ಅಡಿ ಬಂದಿತೆಂದು ತಿಳಿಸಲು ಸುರಂಗದ ಗೋಡೆಗೆ ನೀಲಿ ದೀಪಗಳನ್ನು ಹಾಕಿದ್ದಾರೆ. ನದಿಯ ಅಗಲ ಅಲ್ಲಿ ಸುಮಾರು 520 ಮೀಟರ್. ದಾಟಲು ಮುಕ್ಕಾಲು ನಿಮಿಷ. ನೀಲಿ ಕಂಡೊಡನೆ ಹುಡುಗ ಒಂದು, ಎರಡು ಎಂದು ಎಣಿಸತೊಡಗಿದ. ಪಕ್ಕದಲ್ಲಿದ್ದ ಕಚೇರಿಗೆ ಹೋಗುವವರೊಬ್ಬರು ನಗುತ್ತಾ ಬಂಗಾಳಿಯಲ್ಲಿ ಅವನ ಜೊತೆ ಎಣಿಸಿದರು. ನಲವತ್ತಾರಕ್ಕೆ ನೀಲಿ ಮುಗಿಯಿತು. ಹೌರಾ ನಿಲ್ದಾಣ ಬಹಳ ಆಳದಲ್ಲಿದೆ. ಆದರೆ ಲಿಫ್ಟು, ಎಸ್ಕಲೇಟರ್ ಇರುವುದರಿಂದ ಮಂಡಿ ನೋವಿನವರಿಗೆ ಕಷ್ಟವಿಲ್ಲ.

ಮೇಲೆ ಬಂದರೆ ಹೌರಾ ರೈಲು ನಿಲ್ದಾಣ. ಪೂರ್ವ ಭಾರತದ ಮೊದಲ ಪ್ರಯಾಣಿಕರ ರೈಲು 1854ರಲ್ಲಿ ಹೊರಟದ್ದು ಹೌರಾದಿಂದಲೇ. ಹೊರಗೆ ಮಣ್ಣಿನ ಪುಟ್ಟ ಕುಡಿಕೆಯಲ್ಲಿ ಚಹಾ ಕುಡಿದೆವು. ಅದನ್ನು ಅಲ್ಲಿ ಭಾಂಡ್ ಎನ್ನುತ್ತಾರೆ. ಕುಡಿದ ಮೇಲೆ ಎಸೆಯಬೇಕು. ಇವಳಿಗೆ ಎಸೆಯಲು ಮನಸ್ಸು ಬರಲಿಲ್ಲ, ತೊಳೆದು ಚೀಲದಲ್ಲಿಟ್ಟುಕೊಂಡಳು.

ಇನ್ನು ಎರಡನೆಯ ದಾರಿ, ಸೇತುವೆಯ ಮೇಲೆ ನಡಿಗೆ. "ಸಮತಟ್ಟಾದ ದಾರಿಯಾದರೆ ನಡೀತೀನಿ, ಮೆಟ್ಟಿಲು ಮಾತ್ರ ಬೇಡ" ಎಂದಳು. ಸೇತುವೆಯ ಉದ್ದ 705 ಮೀಟರ್. ನಾವು ಅರ್ಧ ಗಂಟೆ ತೆಗೆದುಕೊಂಡೆವು. ಹಿಂದಿನ ದಿನ ಕಾರಿನಲ್ಲಿ ಕುಳಿತು ಟಿಕ್ ಹಾಕಿದ್ದ ಸೇತುವೆ ಇದೇ ಎಂದರೆ ನಂಬುವಂತಿರಲಿಲ್ಲ. ತಲೆಯ ಮೇಲೆ ಉಕ್ಕಿನ ಕಾಡು. ಬಸ್ಸು ಹೋದಾಗಲೆಲ್ಲ ಕಾಲಡಿ ಸಣ್ಣ ನಡುಕ. ತಲೆಯ ಮೇಲೆ ಹೊರೆ ಹೊತ್ತ ಕೂಲಿಗಳು ಅರೆ ಓಟದಲ್ಲಿ ಬರುತ್ತಾರೆ. ಅವರಿಗೆ ನಿಲ್ಲಲಾಗದು, ನಾವೇ ಕಟಕಟೆಗೆ ಒರಗಿ ದಾರಿ ಬಿಡಬೇಕು.

ಈ ಸೇತುವೆಗೆ ನದಿಯ ಮಧ್ಯೆ ಒಂದು ಕಂಬವೂ ಇಲ್ಲ. ಅದು ಹೇಗೆ ನಿಂತಿದೆ ಎಂದು ಹುಡುಗ ಕೇಳಿದ. ನಾನು ಒಂದು ಕಡೆ, ಅವನು ಒಂದು ಕಡೆ ನಿಂತು ಇಬ್ಬರೂ ಒಂದೊಂದು ಕೈ ಮುಂದೆ ಚಾಚಿದೆವು. ನಮ್ಮ ಎರಡು ಅಂಗೈಗಳ ಮೇಲೆ ಇವಳ ಮಡಿಚಿದ ಕೊಡೆಯನ್ನು ಅಡ್ಡ ಇಟ್ಟೆ. ನಾವಿಬ್ಬರು ದಡದ ಗೋಪುರಗಳು, ಕೈಗಳು ಚಾಚು ತೊಲೆಗಳು, ಕೊಡೆ ನಡುವಿನ ತುಂಡು. ಕೈ ಸೋತು ಕೆಳಗೆ ಬಾರದಂತೆ ಬೆನ್ನ ಹಿಂದಿನಿಂದ ಯಾರಾದರೂ ಎಳೆದು ಹಿಡಿಯಬೇಕಲ್ಲ, ಆ ಕೆಲಸವನ್ನು ದಡದ ಕಡೆಯ ಭಾಗ ಮಾಡುತ್ತದೆ. ಎರಡು ಗೋಪುರಗಳ ನಡುವೆ 457 ಮೀಟರ್. ನಟ್ಟು ಬೋಲ್ಟು ಇಲ್ಲ, ಎಲ್ಲ ರಿವೆಟ್ ಹೊಡೆದು ಜೋಡಿಸಿದ್ದು. ಹಿಡಿದ ಉಕ್ಕು 26,500 ಟನ್, ಅದರಲ್ಲಿ 23,000 ಟನ್ ಟಾಟಾ ಕಾರ್ಖಾನೆಯದು. ಮೂರು ದಿನದ ಹಿಂದೆ ಜಮ್‌ಶೆಡ್‌ಪುರದಲ್ಲಿ ಆ ಕಾರ್ಖಾನೆಯ ಗೋಡೆಯ ಪಕ್ಕದಲ್ಲೇ ಓಡಾಡಿದ್ದ ಹುಡುಗ ಕಂಬವನ್ನೊಮ್ಮೆ ತಟ್ಟಿ ನೋಡಿದ. ಸೇತುವೆ ಸಂಚಾರಕ್ಕೆ ತೆರೆದದ್ದು 1943ರ ಫೆಬ್ರುವರಿಯಲ್ಲಿ. ಮಹಾಯುದ್ಧದ ಕಾಲ, ಜಪಾನಿ ಬಾಂಬಿನ ಭಯ, ಹಾಗಾಗಿ ಸಮಾರಂಭದ ಸಡಗರ ಇರಲಿಲ್ಲ. 1965ರಲ್ಲಿ ರವೀಂದ್ರ ಸೇತು ಎಂದು ಹೆಸರಿಟ್ಟರು. ಜನ ಈಗಲೂ ಹೌರಾ ಸೇತುವೆ ಎಂದೇ ಅನ್ನುತ್ತಾರೆ.

ಸೇತುವೆಯ ಕೋಲ್ಕತ್ತ ಕಡೆಯ ತುದಿಯಲ್ಲಿ ಕೆಳಗೆ ಮಲ್ಲಿಕ್ ಘಾಟಿನ ಹೂವಿನ ಸಂತೆ. ಇಳಿಯಲು ಮೆಟ್ಟಿಲುಗಳಿವೆ. ಇವಳು ಪಕ್ಕಕ್ಕೆ ತಿರುಗಿ, ಒಂದೊಂದೇ ಮೆಟ್ಟಿಲು ಹಿಡಿದು ಇಳಿದಳು. ನಮ್ಮಲ್ಲಿ ಹೂವು ಕೊಳ್ಳುವುದು ಮೊಳದ ಲೆಕ್ಕದಲ್ಲಿ. ಇಲ್ಲಿ ಚೆಂಡುಹೂವಿನ ಮಾಲೆಗಳನ್ನು ಕಟ್ಟುಕಟ್ಟಾಗಿ ಹೆಗಲಿಗೆ ಹಾಕಿಕೊಂಡು ಮಾರುತ್ತಾರೆ. ಮಾರುವವರ ಮುಖವೇ ಕಾಣುವುದಿಲ್ಲ, ಹಳದಿ ಗುಡ್ಡಕ್ಕೆ ಎರಡು ಕಾಲು ಮೂಡಿ ನಡೆದ ಹಾಗೆ. ಕಾಳಿಗೆ ಏರಿಸುವ ಕೆಂಪು ದಾಸವಾಳದ ಮಾಲೆಗಳ ರಾಶಿ ಬೇರೆ. ಕಾಲಡಿ ಕೆಸರು, ಕೊಳೆತ ಎಲೆ, ನೂಕುನುಗ್ಗಲು. ಚಪ್ಪಲಿಗಿಂತ ಬೂಟು ಮೇಲು. ಇವಳು ಹತ್ತು ರೂಪಾಯಿಗೆ ಒಂದು ಸಣ್ಣ ಮಾಲೆ ಚೌಕಾಸಿ ಮಾಡಿ ತೆಗೆದುಕೊಂಡಳು. ಭಾಷೆ ಬರದ ಊರಿನಲ್ಲೂ ಚೌಕಾಸಿ ಹೇಗೆ ಮಾಡುತ್ತಾಳೋ ನನಗೆ ಅರ್ಥವಾಗಿಲ್ಲ.

ಸಂತೆ ದಾಟಿದರೆ ಪಾವಟಿಗೆ. ಅಲ್ಲಿ ಬಂದು ನಿಂತಾಗ ನನ್ನ ಎದೆ ಧಸಕ್ಕೆಂದಿತು. ನೀರು ಎಲ್ಲೋ ಕೆಳಗಿತ್ತು. ಮೇಲಿನ ಮೆಟ್ಟಿಲುಗಳು ಒಣಗಿದ್ದವು. ಕೆಳಗಿನ ಹತ್ತು ಹನ್ನೆರಡು ಮೆಟ್ಟಿಲುಗಳ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು, ಎಣ್ಣೆ ಬಳಿದಂತೆ. ಗಟ್ಟಿಮುಟ್ಟಾದ ಹುಡುಗರೇ ಜಾರುತ್ತಾ ಹೋಗುತ್ತಿದ್ದರು. ಇವಳು ಒಮ್ಮೆ ಕೆಳಗೆ ನೋಡಿದಳು, ಒಮ್ಮೆ ತನ್ನ ಮಂಡಿಯನ್ನು ನೋಡಿಕೊಂಡಳು. "ಇಲ್ಲಿಂದಲೇ ಕೈ ಮುಗೀತೀನಿ ಬಿಡಿ" ಎಂದಳು. ಅಂಗೈಯಲ್ಲಿದ್ದ ಮಾಲೆಯನ್ನು ಹುಡುಗನ ಕೈಗೆ ಕೊಟ್ಟಳು.

ಅಲ್ಲಿ ಸ್ನಾನ ಮುಗಿಸಿ ಪಂಚೆ ಹಿಂಡುತ್ತಿದ್ದ ಮುದುಕರೊಬ್ಬರು ನಮ್ಮನ್ನು ಗಮನಿಸುತ್ತಿದ್ದರು. ನನಗಿಂತ ಹಿರಿಯರು. ಅವರದು ಬಂಗಾಳಿ ಬೆರೆತ ಹಿಂದಿ, ನನ್ನದು ಬ್ಯಾಂಕಿನಲ್ಲಿ ಪರೀಕ್ಷೆಗೆಂದು ಕಲಿತ ಹಿಂದಿ. ಎರಡೂ ಹೇಗೋ ಕೂಡಿದವು. ಅವರು ಹೇಳಿದ್ದಿಷ್ಟು: "ಈಗ ಭಾಟಾ. ಹನ್ನೊಂದರ ಹೊತ್ತಿಗೆ ಜೋಯಾರ್ ಬರುತ್ತದೆ. ಆಗ ಬನ್ನಿ. ತಾಯಿ ಇಳಿಯುವುದು ಬೇಡ, ಗಂಗೆಯೇ ಹತ್ತಿ ಬರುತ್ತಾಳೆ."

ಭಾಟಾ ಎಂದರೆ ಇಳಿತ, ಜೋಯಾರ್ ಎಂದರೆ ಉಬ್ಬರ. ಸಮುದ್ರ ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೂ ಸಮುದ್ರದ ಉಬ್ಬರ ಇಳಿತ ನದಿಯ ಒಳಗೆ ಇಲ್ಲಿಯವರೆಗೆ ಬರುತ್ತದೆ. ಉಬ್ಬರ ಬಂದಾಗ ನದಿ ಹಿಮ್ಮುಖವಾಗಿ ಹರಿಯುತ್ತದೆ, ಪಾವಟಿಗೆಗಳು ಒಂದೊಂದಾಗಿ ಮುಳುಗುತ್ತವೆ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಅದು ಜೋರು. ಕೆಲವು ಸಲ ನೀರು ಗೋಡೆಯಂತೆ ಒಮ್ಮೆಲೇ ನುಗ್ಗುವುದೂ ಉಂಟು, ಆಗ ದಡದಲ್ಲಿ ನಿಲ್ಲಬಾರದು. ಆದ್ದರಿಂದ ಊರಿನವರನ್ನು ಕೇಳದೆ ಯಾರೂ ಇಳಿಯಬೇಡಿ.

ಎರಡೂವರೆ ಗಂಟೆ ಕಾಯಬೇಕು. ನಿನ್ನೆಯ ನಾನಾಗಿದ್ದರೆ ಅಷ್ಟರಲ್ಲಿ ಮೂರು ಟಿಕ್ ಲೆಕ್ಕ ಹಾಕುತ್ತಿದ್ದೆ. ಟ್ಯಾಕ್ಸಿ ಹಿಡಿದು ದಂಡೆಯಲ್ಲೇ ದಕ್ಷಿಣಕ್ಕಿರುವ ಫೇರ್ಲಿ ಘಾಟಿಗೆ ಹೋದೆವು, ಮೂರನೆಯ ದಾರಿಗಾಗಿ. ಫೆರಿಯ ಟಿಕೆಟ್ ಹತ್ತು ರೂಪಾಯಿಗೂ ಕಡಿಮೆ. ಲಾಂಚು ಬಂದು ನಿಲ್ಲುವುದು ತೇಲುವ ಕಟ್ಟೆಗೆ. ದಡದಿಂದ ಅಲ್ಲಿಗೆ ಉದ್ದನೆಯ ಕಬ್ಬಿಣದ ಹಾದಿ. ನೀರು ಇಳಿದಿದ್ದರಿಂದ ಹಾದಿ ಜಾರುಬಂಡೆಯಂತೆ ವಾಲಿತ್ತು. ಇವಳು ನನ್ನ ಭುಜ ಹಿಡಿದು ಇಳಿದಳು. ಹೌರಾಕ್ಕೆ ಹೋಗಿ ಅಲ್ಲೇ ತಿರುಗಿ ಬಂದೆವು. ಮಂಜು ಪೂರ್ತಿ ಹೋಗಿರಲಿಲ್ಲ. ಸೇತುವೆಯ ಮೇಲಿನ ಗೋಪುರಗಳು ಮಾತ್ರ ಬಿಸಿಲಿನಲ್ಲಿದ್ದವು. ಅಂತರಗಂಗೆಯ ಹಸಿರು ಮೆದೆಗಳು ಸಮುದ್ರದ ಕಡೆಗೆ ತೇಲಿಹೋಗುತ್ತಿದ್ದವು. "ಎಲ್ಲಾ ದಕ್ಷಿಣಕ್ಕೆ ಹೋಗ್ತಿವೆ ಅಜ್ಜ" ಎಂದು ಹುಡುಗ ಗುರುತು ಮಾಡಿಕೊಂಡ.

ಫೇರ್ಲಿ ಘಾಟಿನಿಂದ ಬಿ.ಬಿ.ಡಿ. ಬಾಗ್ ಹತ್ತಿರ, ಹಿಂದಿನ ಡಾಲ್‌ಹೌಸಿ ಸ್ಕ್ವೇರ್. ಬಿನಯ್, ಬಾದಲ್, ದಿನೇಶ್ ಎಂಬ ಮೂವರು ತರುಣ ಕ್ರಾಂತಿಕಾರರ ಹೆಸರು ಅದಕ್ಕೆ. 1930ರಲ್ಲಿ ಅವರು ನುಗ್ಗಿದ ಕೆಂಪು ಕಟ್ಟಡ ಅಲ್ಲೇ ಇದೆ, ರೈಟರ್ಸ್ ಬಿಲ್ಡಿಂಗ್. ರೈಟರ್ ಎಂದರೆ ಸಾಹಿತಿ ಅಲ್ಲ, ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತ. ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿ ಲೆಕ್ಕ ಬರೆಯುವವರನ್ನು ಇಂದಿಗೂ ರೈಟ್ರು ಎನ್ನುತ್ತಾರಲ್ಲ, ಅದೇ ಮಾತು. ಗುಮಾಸ್ತರ ಹೆಸರಿನಲ್ಲಿ ಇಷ್ಟು ದೊಡ್ಡ ಕಟ್ಟಡ ಇರುವುದು ನನಗೆ ಬಹಳ ಹಿಡಿಸಿತು. 1806ರಲ್ಲಿ ಶುರುವಾದ ಬ್ಯಾಂಕ್ ಆಫ್ ಕಲ್ಕತ್ತಾವೇ ಮುಂದೆ ಬೆಳೆದು, ಕೂಡಿಕೊಂಡು, 1955ರಲ್ಲಿ ಸ್ಟೇಟ್ ಬ್ಯಾಂಕ್ ಆಯಿತು. ರಿಸರ್ವ್ ಬ್ಯಾಂಕಿನ ಕೇಂದ್ರ ಕಚೇರಿಯೂ 1935ರಲ್ಲಿ ಆರಂಭವಾದದ್ದು ಈ ಊರಿನಲ್ಲೇ, ಮುಂಬಯಿಗೆ ಹೋದದ್ದು 1937ರಲ್ಲಿ. ಇದನ್ನೆಲ್ಲ ನಾನು ಉತ್ಸಾಹದಿಂದ ಹೇಳುತ್ತಿದ್ದರೆ ಅಜ್ಜಿ ಮೊಮ್ಮಗ ಇಬ್ಬರೂ ಕೆರೆಯ ದಂಡೆಯಲ್ಲಿ ಕುಳಿತು ಬಿಸಿ ಕಚೋರಿ ಆಲೂಪಲ್ಯ ತಿನ್ನುತ್ತಿದ್ದರು. ಈಚಲ ಮರದ ರಸದಿಂದ ಮಾಡುವ ಹೊಸ ಬೆಲ್ಲದ ಸಂದೇಶ್ ಚಳಿಗಾಲದಲ್ಲಿ ಮಾತ್ರ ಸಿಗುತ್ತದೆ ಎಂದು ಅಂಗಡಿಯವನು ಹೇಳಿದ. ಆಲೆಮನೆಯ ವಾಸನೆ ಬಂತು.

ಹನ್ನೊಂದಕ್ಕೆ ಮತ್ತೆ ಮಲ್ಲಿಕ್ ಘಾಟ್. ದೂರದಿಂದಲೇ ಹುಡುಗ ಕೂಗಿದ, "ಅಜ್ಜೀ, ಮೆಟ್ಟಿಲು ಇಲ್ಲ!" ಬೆಳಿಗ್ಗೆ ಕಂಡ ಕೆಸರಿನ ಮೆಟ್ಟಿಲುಗಳೆಲ್ಲ ನೀರಿನೊಳಗಿದ್ದವು. ನಾವು ನಿಂತಲ್ಲಿಂದ ನೀರಿಗೆ ಮೂರೇ ಮೆಟ್ಟಿಲು, ಮೂರೂ ಒಣಗಿದ್ದವು. ನಾನು ಒಂದು ಕೈ, ಹುಡುಗ ಒಂದು ಕೈ ಹಿಡಿದೆವು. ಒಂದು, ಎರಡು, ಮೂರು. ನಾಲ್ಕನೆಯ ಮೆಟ್ಟಿಲು ನೀರಿನಲ್ಲಿತ್ತು. ಅದರ ಮೇಲೆ ಪಾದವಿಟ್ಟು ಅವಳು ಮೇಲಿನ ಮೆಟ್ಟಿಲಿನಲ್ಲಿ ಕುಳಿತುಬಿಟ್ಟಳು. ಬೊಗಸೆಯಲ್ಲಿ ನೀರೆತ್ತಿ ತಲೆಗೆ ಪ್ರೋಕ್ಷಿಸಿಕೊಂಡಳು. ನೀರು ತಿಳಿಯಾಗಿರಲಿಲ್ಲ, ನಮ್ಮ ತುಂಗೆಯ ಮಳೆಗಾಲದ ಬಣ್ಣ. ಹೂವನ್ನು ಬಿಟ್ಟಳು. ಅದು ಸಮುದ್ರದ ಕಡೆಗೆ ಹೋಗಲಿಲ್ಲ. ಅಂತರಗಂಗೆಯ ಜೊತೆ ಸೇತುವೆಯ ಅಡಿಯಲ್ಲಿ ಉತ್ತರಕ್ಕೆ, ಕಾಶಿಯ ದಿಕ್ಕಿಗೆ ಹೊರಟಿತು. ಅದನ್ನು ಮೊದಲು ಕಂಡವನು ಹುಡುಗ. ಬೆಳಗಿನ ಗುರುತು ಅವನಲ್ಲಿತ್ತಲ್ಲ.

ಮುಕ್ಕಾಲು ಗಂಟೆ ಅಲ್ಲೇ ಕುಳಿತಿದ್ದೆವು. ಅವಳು ಏನೂ ಮಾತಾಡಲಿಲ್ಲ. ಬೆಳಿಗ್ಗೆಯ ಮುದುಕರಿಗಾಗಿ ನಾನು ಸುತ್ತ ನೋಡಿದೆ, ಕಾಣಲಿಲ್ಲ.

ಮಧ್ಯಾಹ್ನ ಮ್ಯೂಸಿಯಂ ತೆರೆದಿತ್ತು. ಒಂದೇ ಗಂಟೆ ಹೋದೆವು, ಈಜಿಪ್ಟಿನ ಮಮ್ಮಿ ನೋಡಬೇಕೆಂದು ಹುಡುಗನ ಹಟ. ಉಳಿದದ್ದನ್ನು ನೋಡಲಿಲ್ಲ. ವಿಕ್ಟೋರಿಯಾದ ಒಳಗೂ ಹೋಗಲಿಲ್ಲ, 1873ರಿಂದ ಇರುವ ಟ್ರಾಮಿನಲ್ಲೂ ಕೂರಲಿಲ್ಲ. ಅದೊಂದಕ್ಕೆ ನನಗೆ ಬೇಸರವಿದೆ. ಟ್ರಾಮು ಈಗ ಉಳಿದಿರುವುದು ಬೆರಳೆಣಿಕೆಯ ದಾರಿಗಳಲ್ಲಿ ಮಾತ್ರ. ಹೋಗುವವರು ಬೇಗ ಹೋಗಿ ಕೂತುಕೊಳ್ಳಿ.

ಸಂಜೆ ವಿಮಾನ ನಿಲ್ದಾಣಕ್ಕೆ ಹೋಗುವ ಟ್ಯಾಕ್ಸಿಯಲ್ಲಿ ಹುಡುಗ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದ. ದೀಪದ ಬೆಳಕಿನಲ್ಲಿ ನೋಡಿದರೆ ಅವಳ ಸೀರೆಯ ಅಂಚಿಗೆ ನದಿಯ ಕೆಸರು ಹತ್ತಿ, ಒಣಗಿ ಬೆಳ್ಳಗಾಗಿತ್ತು. ತಟ್ಟಿ ತೆಗೆಯಲು ನಾನು ಬಗ್ಗಿದೆ.

"ಇರಲಿ ಬಿಡಿ, ಊರಿಗೆ ಹೋಗಿ ತೊಳೀತೀನಿ" ಎಂದಳು.